ಅವ್ವನ ರಿಪೋರ್ಟು, ಒಂದು ಕೊಡ ನೀರು

ಹೋದ ಬೇಸಿಗೆಯಲ್ಲಿ ಅವ್ವನಿಗೆ ಉರಿಮೂತ್ರ ಶುರುವಾಯಿತು. ಔಷಧ ಅಂಗಡಿಯಿಂದ ನಾನೇ ಗುಳಿಗೆ ತಂದುಕೊಟ್ಟೆ. ಐದು ದಿನ ನುಂಗಿದರೂ ಕಡಿಮೆಯಾಗಲಿಲ್ಲ. ಆಮೇಲೆ ಡಾಕ್ಟರು ಮೂತ್ರ ಪರೀಕ್ಷೆ ಮಾಡಿಸಿದರು. ರಿಪೋರ್ಟಿನಲ್ಲಿ ಔಷಧಗಳ ಉದ್ದ ಪಟ್ಟಿ, ಒಂದೊಂದರ ಮುಂದೆ ‘ಎಸ್’ ಅಥವಾ ‘ಆರ್’. ಅವ್ವ ನುಂಗಿದ್ದ ಸಿಪ್ರೊಫ್ಲಾಕ್ಸಾಸಿನ್ ಮುಂದೆ ‘ಆರ್’ ಇತ್ತು. ಅಂದರೆ ಆ ರೋಗಾಣು ಆ ಔಷಧಕ್ಕೆ ಬಗ್ಗುವುದಿಲ್ಲ.

“ನಾನು ಗುಳಿಗೆ ನುಂಗೋದೇ ಅಪರೂಪ, ನನಗ್ಯಾಕೆ ಹಿಂಗಾತು?” ಎಂದಳು. ಉತ್ತರ ಹುಡುಕುತ್ತಾ ಹೋದೆ. ಸಿಕ್ಕಿದ್ದು ಪಟಾನ್‌ಚೆರು.

ಹೈದರಾಬಾದಿನ ಹತ್ತಿರದ ಈ ಊರಿನ ಸುತ್ತ ಔಷಧ ಕಾರ್ಖಾನೆಗಳಿವೆ. ಅಲ್ಲಿನ ಹಳ್ಳಗಳು ಸೇರುವುದು ನಮ್ಮ ಬೀದರ್ ಜಿಲ್ಲೆ ಹಾದುಹೋಗುವ ಮಾಂಜ್ರಾ ನದಿಯನ್ನೇ, ಆದರೆ ನಮಗಿಂತ ಕೆಳಗೆ. ಸುಮಾರು 90 ಕಾರ್ಖಾನೆಗಳ ಕೊಳೆನೀರು ಶುದ್ಧೀಕರಿಸುವ ಘಟಕದಿಂದ ಹೊರಬಿದ್ದ ನೀರನ್ನು ಸ್ವೀಡನ್ನಿನ ಜೋಕಿಮ್ ಲಾರ್ಸನ್ ಮತ್ತು ಸಂಗಡಿಗರು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಇತ್ತು. ಲೆಕ್ಕ ಹಾಕಿ: 16 ಲೀಟರಿನ ಒಂದು ಕೊಡದಲ್ಲಿ 500 ಮಿಲಿಗ್ರಾಂನ ಒಂದು ಗುಳಿಗೆ! ಇಂಥ ನೀರಿನಲ್ಲಿ ಮೆತ್ತಗಿನ ರೋಗಾಣು ಸಾಯುತ್ತದೆ, ಗಟ್ಟಿಯಾದದ್ದು ಉಳಿದು ಸಂತಾನ ಬೆಳೆಸುತ್ತದೆ.

ಅವ್ವನ ರೋಗಾಣು ಅಲ್ಲಿಂದ ಬಂತು ಎಂದು ನಾನು ಹೇಳುತ್ತಿಲ್ಲ. ನಮ್ಮ ಹಿತ್ತಲನ್ನೂ ನೋಡಬೇಕಲ್ಲ. ಎಮ್ಮೆಗೆ ಕೆಚ್ಚಲು ಬಾವು ಬಂದು ಇಂಜೆಕ್ಷನ್ ಕೊಟ್ಟಾಗ ಡೈರಿಗೆ ಹಾಕಬಾರದ ಹಾಲನ್ನು ಗಟಾರಕ್ಕೆ ಚೆಲ್ಲಿದವನು ನಾನೇ. ಮನುಷ್ಯರಾಗಲಿ ದನವಾಗಲಿ, ಮೈಯೊಳಗೆ ಹೋದ ಔಷಧದ ದೊಡ್ಡ ಪಾಲು ಎಷ್ಟೋ ಸಲ ಹಾಗೆಯೇ ಹೊರಬರುತ್ತದೆ. ನೀರು ಕುದಿಸಿದರೆ ರೋಗಾಣು ಸಾಯುತ್ತದೆ, ಕರಗಿದ ಈ ಔಷಧ ಹೋಗುವುದಿಲ್ಲ.

ಅದನ್ನು ತೆಗೆಯುವ ಅಗ್ಗದ ದಾರಿ ನಮಗೆ ಗೊತ್ತಿರುವ ವಸ್ತುವಿನಲ್ಲೇ ಇದೆ: ಇದ್ದಿಲು. ಭತ್ತದ ಹೊಟ್ಟು, ತೆಂಗಿನ ಚಿಪ್ಪು, ಶೇಂಗಾ ಸಿಪ್ಪೆ, ಕಬ್ಬಿನ ಸಿಪ್ಪೆ, ಗೋವಿನಜೋಳದ ದಿಂಡು, ಇವನ್ನು ಗಾಳಿ ಆಡದಂತೆ ಮುಚ್ಚಿ ಸುಟ್ಟರೆ ಬೂದಿಯಾಗದೆ ಇದ್ದಿಲಾಗುತ್ತದೆ. ಅದರೊಳಗೆ ಕಣ್ಣಿಗೆ ಕಾಣದ ಲಕ್ಷಾಂತರ ರಂಧ್ರಗಳು. ಹಬೆ ಅಥವಾ ರಾಸಾಯನಿಕದಿಂದ ಹದಗೊಳಿಸಿದ ಒಳ್ಳೆಯ ಇದ್ದಿಲಿನ ಒಂದು ಗ್ರಾಂನಲ್ಲಿ ಸಾವಿರ ಚದರ ಮೀಟರಿನಷ್ಟು ಮೇಲ್ಮೈ ಇರಬಹುದು, ಅಂದರೆ ಕಾಲು ಎಕರೆ. ನೀರು ಹಾದುಹೋಗುವಾಗ ಔಷಧದ ಕಣಗಳು ಆ ಗೋಡೆಗಳಿಗೆ ಅಂಟಿಕೊಳ್ಳುತ್ತವೆ.

ಆದರೆ ಇದು ಮಂತ್ರದಂಡವಲ್ಲ. ಪ್ರಯೋಗಾಲಯದ ತಿಳಿನೀರಿನಲ್ಲಿ ಚೆನ್ನಾಗಿ ಹೀರುವ ಇದ್ದಿಲು ಗಟಾರದ ನೀರಿನಲ್ಲಿ ಸೋಪು, ಜಿಡ್ಡು, ಸಗಣಿ ರಸವನ್ನೂ ಹಿಡಿದುಕೊಂಡು ಬೇಗ ತುಂಬಿಹೋಗುತ್ತದೆ. ನೀರು ಹುಳಿಯೋ ಸವಳೋ ಎಂಬುದರ ಮೇಲೂ ಹೀರುವ ಶಕ್ತಿ ಬದಲಾಗುತ್ತದೆ. ತುಂಬಿದ ಇದ್ದಿಲನ್ನು ಹೊಲಕ್ಕೆ ಹಾಕಿದರೆ ವಿಷ ಜಾಗ ಬದಲಿಸಿತು, ಅಷ್ಟೆ. ಅದನ್ನು ಹೆಚ್ಚಿನ ಉಷ್ಣದಲ್ಲಿ ಸುಡಬೇಕು ಅಥವಾ ಕಾಯಿಸಿ ಮತ್ತೆ ಬಳಕೆಗೆ ತರಬೇಕು. ಹಾಗಾಗಿ ಇದು ಆಸ್ಪತ್ರೆ, ಕಾರ್ಖಾನೆ, ದೊಡ್ಡ ಕೋಳಿಫಾರಂಗಳು ಮಾಡಬೇಕಾದ ಕೆಲಸ. ಒಲೆಯ ಇದ್ದಿಲು ತುಂಬಿದ ಗಡಿಗೆಯನ್ನು ನಂಬಿ ಯಾರೂ ಗಟಾರದ ನೀರು ಕುಡಿಯಬೇಡಿ.

ನಮ್ಮ ಕೈಲಿರುವುದು ಇಷ್ಟು: ಚೀಟಿಯಿಲ್ಲದೆ ಆ್ಯಂಟಿಬಯೋಟಿಕ್ ತರಬಾರದು, ಉಳಿದ ಗುಳಿಗೆಯನ್ನು ನೀರಿಗೆ ಎಸೆಯಬಾರದು. ಇಂಜೆಕ್ಷನ್ ಕೊಟ್ಟ ಎಮ್ಮೆಯ ಹಾಲನ್ನು ನಾವೀಗ ಬಾವಿಯಿಂದ ದೂರ ತೋಡಿದ ಗುಂಡಿಗೆ ಸುರಿಯುತ್ತೇವೆ. ಪೂರ್ತಿ ಪರಿಹಾರವಲ್ಲ, ನೇರವಾಗಿ ಹಳ್ಳಕ್ಕಂತೂ ಹೋಗುವುದಿಲ್ಲ.

ಅವ್ವನಿಗೆ ‘ಎಸ್’ ಇದ್ದ ಬೇರೆ ಔಷಧದಿಂದ ವಾಸಿಯಾಯಿತು. ಆ ರಿಪೋರ್ಟನ್ನು ರೇಷನ್ ಕಾರ್ಡಿನ ಜೊತೆ ಇಟ್ಟಿದ್ದಾಳೆ. ಆ ಪಟ್ಟಿಯಲ್ಲಿ ‘ಎಸ್’ ಇದ್ದದ್ದು ಮೂರೇ ಔಷಧಗಳ ಮುಂದೆ.