ಅಜ್ಜಿಯ ಉಪ್ಪು, ಲಾರಾಳ ನಾದಿನಿ

ನಮ್ಮಜ್ಜಿಗೆ ಒಬ್ಬರು ನಾದಿನಿ ಇದ್ದರು, ಅಜ್ಜನ ಅಕ್ಕ. ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೂ ಸಾರಿಗೆ ಉಪ್ಪು ಜಾಸ್ತಿಯಾದರೆ ಅಜ್ಜಿ ಅವರನ್ನು ನೆನೆಸಿಕೊಳ್ಳುತ್ತಿದ್ದಳು. ನಾನು ಆ ದೊಡ್ಡಜ್ಜಿಯನ್ನು ಕಂಡಿಲ್ಲ. ಅವರ ಬಗ್ಗೆ ನನಗೆ ಗೊತ್ತಿರುವುದು ಬರೀ ಆ ಉಪ್ಪು. ಎಲೈಜಾ ಜೇನ್ ವೈಲ್ಡರ್ ಎಂಬಾಕೆಯ ಬಗ್ಗೆ ಓದುವಾಗಲೆಲ್ಲ ನನಗೆ ಅದೇ ಉಪ್ಪಿನ ನೆನಪು.

ಎಲೈಜಾ ಜೇನಳನ್ನು ಲೋಕಕ್ಕೆ ಪರಿಚಯಿಸಿದವಳು ಅವಳ ತಮ್ಮನ ಹೆಂಡತಿ ಲಾರಾ ಇಂಗಲ್ಸ್ ವೈಲ್ಡರ್. ಅಮೆರಿಕದ ಡಕೋಟಾ ಬಯಲಿನ ಆ ಕಥೆಗಳು ಎಸ್. ಅನಂತನಾರಾಯಣರ ಅನುವಾದದಲ್ಲಿ ಕನ್ನಡಕ್ಕೂ ಬಂದಿವೆ. ಲಾರಾ ಹದಿಹರೆಯದಲ್ಲೇ ಹಳ್ಳಿ ಶಾಲೆಯ ಟೀಚರ್ ಆದವಳು. ಅವಳ ಗಂಡ ಆಲ್ಮಾಂಜೊ ಸರ್ಕಾರಿ ಜಮೀನು ಹಿಡಿದು ಗೋಧಿ ಬೆಳೆಯುತ್ತಿದ್ದ ರೈತ. ಟೀಚರ್ ಒಬ್ಬರು, ಹೊಸ ನೆಲ ಉಳುವವರು ಒಬ್ಬರು: ಆ ಕಾಲದ ಆ ಬಯಲಿನಲ್ಲಿ ಇಂಥ ಜೋಡಿಗಳು ಬೇಕಾದಷ್ಟಿದ್ದವು. ಆದರೆ ಅದೇ ಮನೆತನದಲ್ಲಿ ಎರಡೂ ಕೆಲಸವನ್ನು ಒಬ್ಬಳೇ ಮಾಡಿದವಳು ಎಲೈಜಾ ಜೇನ್.

1862ರ ಹೋಮ್‌ಸ್ಟೆಡ್ ಕಾಯ್ದೆ 160 ಎಕರೆ ಕೊಡುತ್ತಿತ್ತು. ಗುಡಿಸಲು ಕಟ್ಟಬೇಕು, ಉಳಬೇಕು, ಐದು ವರ್ಷ ಅಲ್ಲೇ ಇರಬೇಕು, ಆಮೇಲೆ ಹಕ್ಕುಪತ್ರ. ನಮ್ಮ ಬಗರ್‌ಹುಕುಂ ಸಾಗುವಳಿದಾರರಿಗೆ ಈ ಸಾಕ್ಷಿ-ಪುರಾವೆಯ ಪಾಡು ಹೊಸದಲ್ಲ. (ಸರ್ಕಾರ ಹೀಗೆ ಧಾರಾಳವಾಗಿ ಹಂಚಿದ ನೆಲ ಅದಕ್ಕೆ ಮೊದಲು ಡಕೋಟಾ ಜನರದ್ದಾಗಿತ್ತು ಅನ್ನುವುದು ಬೇರೆ ಮಾತು, ಸಣ್ಣ ಮಾತಂತೂ ಅಲ್ಲ.) 21 ತುಂಬಿದ ಒಂಟಿ ಹೆಂಗಸೂ ಅರ್ಜಿ ಹಾಕಬಹುದಿತ್ತು. ಗಂಡನ ಜೊತೆ ಸಂಸಾರ ಮಾಡುವವಳು ಹಾಕುವಂತಿರಲಿಲ್ಲ. ಅವಳ ಪಾಲಿಗೆ ಗಂಡನ ಹೆಸರೇ ಸಾಕು ಎಂದು ಕಾನೂನಿನ ಲೆಕ್ಕ. 1850ರಲ್ಲಿ ಹುಟ್ಟಿದ ಎಲೈಜಾ ಜೇನ್ 1879ರಲ್ಲಿ, ಮದುವೆಯ ಗೊಡವೆಯಿಲ್ಲದೆ, ಡಿ ಸ್ಮೆಟ್ ಊರಿನ ಬಳಿ ತನ್ನ ಹೆಸರಿಗೇ ಜಮೀನು ಹಿಡಿದಳು. ತಮ್ಮನಿಗಿಂತ ಏಳು ವರ್ಷ ದೊಡ್ಡವಳು. ಜಮೀನೂ ನೋಡಿಕೊಳ್ಳಬೇಕು, ಕೈಯಲ್ಲಿ ಕಾಸೂ ಬೇಕು. 1882ರಲ್ಲಿ ಊರ ಶಾಲೆಗೆ ಟೀಚರ್ ಆದಳು. ಎದುರಿನ ಬೆಂಚಿನಲ್ಲಿ ಕೂತಿದ್ದ ವಿದ್ಯಾರ್ಥಿನಿ, ಅವಳ ಗ್ರಹಚಾರಕ್ಕೆ, ಮುಂದೆ ತಮ್ಮನ ಹೆಂಡತಿಯಾಗುವ ಲಾರಾ.

ಲಾರಾಳ ಪುಸ್ತಕದ ಪ್ರಕಾರ ಮಿಸ್ ವೈಲ್ಡರ್‌ಗೆ ತರಗತಿ ಹಿಡಿತಕ್ಕೆ ಸಿಗಲಿಲ್ಲ. ಚಿಕ್ಕಂದಿನಲ್ಲಿ ತನ್ನನ್ನು ಸೋಮಾರಿ, ಹೇನುಬುರುಕಿ ಎಂದು ಗೇಲಿ ಮಾಡುತ್ತಿದ್ದುದನ್ನು ಆಕೆ ಮಕ್ಕಳ ಹತ್ತಿರ ಸಲಿಗೆಯಿಂದ ಹೇಳಿಕೊಂಡಳು. ಪಕ್ಕದವಳನ್ನು ನಗಿಸಲು ಲಾರಾ ಅದನ್ನೇ ಪದ್ಯ ಕಟ್ಟಿದಳು, ಅದು ಹುಡುಗರ ಬಾಯಿಗೆ ಬಿತ್ತು. ಬೆಂಚು ಅಲ್ಲಾಡಿಸಿದಳೆಂದು ಲಾರಾಳ ತಂಗಿ, ಬಡಕಲು ಹುಡುಗಿ ಕ್ಯಾರಿಗೆ, ಅಲ್ಲಾಡಿಸುತ್ತಲೇ ಇರು ಎಂಬ ಶಿಕ್ಷೆ. ಲಾರಾ ಹೋಗಿ ತಾನೇ ಕೂತು ಧಡ್ ಧಡ್ ಎಂದು ತೂಗಿದಳು. ಅಕ್ಕ ತಂಗಿ ಇಬ್ಬರನ್ನೂ ಮನೆಗೆ ಅಟ್ಟಿದಳು ಮಿಸ್ ವೈಲ್ಡರ್. ಓದುವಾಗ ನಾವೂ ಲಾರಾಳ ಕಡೆಯೇ. ಶಾಲೆ ಬಿಟ್ಟ ಮೇಲೆ ಆ ಟೀಚರ್ ಯಾವ ಗುಡಿಸಲಿಗೆ ವಾಪಸು ಹೋಗುತ್ತಿದ್ದಳು, ಅಲ್ಲಿ ಒಲೆ ಹಚ್ಚುವವರು ಯಾರಿದ್ದರು ಎಂದು ಕೇಳುವ ವ್ಯವಧಾನ ನಮಗೂ ಇರುವುದಿಲ್ಲ.

ಕಾಗದಪತ್ರಗಳು ಇನ್ನೊಂದು ಕಥೆ ಹೇಳುತ್ತವೆ. ಎಲೈಜಾ ಜೇನ್ ತನ್ನ ಜಮೀನಿನ ಪಡಿಪಾಟಲನ್ನು ಭೂ ಕಚೇರಿಗೆ ಉದ್ದಕ್ಕೆ ಬರೆದುಕೊಟ್ಟಿದ್ದಳು. ಆಮೇಲೆ ವಾಷಿಂಗ್ಟನ್ನಿನಲ್ಲಿ ಸರ್ಕಾರಿ ನೌಕರಿ ಮಾಡಿದಳು. 1893ರಲ್ಲಿ, 43ನೆಯ ವಯಸ್ಸಿನಲ್ಲಿ, ಮದುವೆಯಾಗಿ ಲೂಸಿಯಾನಾದ ಕ್ರೌಲಿ ಸೇರಿದಳು. ನನಗೆ ಮಜಾ ಅನ್ನಿಸುವುದು ಮುಂದಿನದು. ಲಾರಾಳ ಸಂಸಾರ ಆಮೇಲೆ ನೆಲೆಸಿದ ಮಿಸ್ಸೌರಿಯ ಊರ ಶಾಲೆ ಮಗಳು ರೋಸ್‌ಗೆ ಸಾಲದಾದಾಗ ಲಾರಾ ಆ ಒಬ್ಬಳೇ ಮಗಳನ್ನು ಕಳಿಸಿದ್ದು ಯಾರ ಮನೆಗೆ? ಇದೇ ನಾದಿನಿಯ ಮನೆಗೆ! 1904ರಲ್ಲಿ ರೋಸ್ ಹೈಸ್ಕೂಲು ಮುಗಿಸಿದ್ದು ಆ ಅತ್ತೆಯ ಮನೆಯಲ್ಲಿದ್ದುಕೊಂಡು. ಮುಂದೆ ಅಮ್ಮನ ಹಸ್ತಪ್ರತಿಗಳನ್ನು ತಿದ್ದಿ ತೀಡಿದವಳೂ ಅವಳೇ, ಮಿಸ್ ವೈಲ್ಡರ್ ಬರುವ ಪುಟಗಳನ್ನೂ ಸೇರಿಸಿ. ಆ ಪುಸ್ತಕ ಬಂದದ್ದು 1941ರಲ್ಲಿ. ಎಲೈಜಾ ಜೇನ್ 1930ರಲ್ಲೇ ತೀರಿಕೊಂಡಿದ್ದಳು.

ಲಾರಾ ಬರೆದ ಆಲ್ಮಾಂಜೊನ ಬಾಲ್ಯದ ಕಥೆ 1933ರದ್ದು. ಅದರಲ್ಲಿ ಅವನು ಒಲೆಗೆ ಕಪ್ಪು ಬಳಿಯುತ್ತಿರುತ್ತಾನೆ. ಎಲೈಜಾ ಜೇನ್ ಪಕ್ಕದಲ್ಲಿ ನಿಂತು ಹಾಗೆ ಮಾಡು, ಹೀಗೆ ಮಾಡು ಎನ್ನುತ್ತಿರುತ್ತಾಳೆ. ರೇಗಿ ಬ್ರಷ್ ಎಸೆಯುತ್ತಾನೆ. ಅದು ಅವಳನ್ನು ದಾಟಿ ಪಡಸಾಲೆಯ ಗೋಡೆಯ ಕಾಗದಕ್ಕೆ ಬಡಿದು ದೊಡ್ಡ ಕಪ್ಪು ಕಲೆ. ಅಮ್ಮನ ಜೀವವೆಲ್ಲ ಆ ಪಡಸಾಲೆ. ಅಕ್ಕ ಗದರಲಿಲ್ಲ, ಚಾಡಿಯೂ ಹೇಳಲಿಲ್ಲ. ಅಟ್ಟದಿಂದ ಅದೇ ಹೂವಿನ ಕಾಗದದ ಚೂರು ಹುಡುಕಿ ತಂದು, ಹೂವಿಗೆ ಹೂವು ಕೂಡುವಂತೆ ಕತ್ತರಿಸಿ, ಹಿಟ್ಟಿನ ಅಂಟಿನಿಂದ ಮೆತ್ತಿದಳು. ಅಮ್ಮನಿಗೆ ಕೊನೆಗೂ ತಿಳಿಯಲಿಲ್ಲ.

ಇದನ್ನು ಹೆಂಡತಿಗೆ ಹೇಳಿದವನು ಆಲ್ಮಾಂಜೊನೇ ಇರಬೇಕು. ಬೇರೆ ಯಾರಿಗೆ ಗೊತ್ತಿತ್ತು? ನಮ್ಮಜ್ಜನಿಗೂ ಅಕ್ಕನ ಬಗ್ಗೆ ಇಂಥದ್ದೊಂದು ಗೊತ್ತಿತ್ತೋ ಏನೋ. ಸಾರಿನ ಮಾತು ಬಂದಾಗಲೆಲ್ಲ ಅವನು ತಟ್ಟೆ ನೋಡುತ್ತಾ ಉಣ್ಣುತ್ತಿದ್ದ. ನಾನು ಕೇಳಲಿಲ್ಲ.