ಗಾಳಿಯನ್ನು ತೂಗುವ ಮುಳ್ಳು

ಬೆಳಗಿನ ಕಾಫಿಗೂ ಮೊದಲು ಪಡಸಾಲೆಯ ಗೋಡೆಯ ಬಳಿಗೆ ಹೋಗಿ, ಅಲ್ಲಿ ತೂಗುಹಾಕಿರುವ ಹಿತ್ತಾಳೆಯ ವಾಯುಭಾರಮಾಪಕದ ಗಾಜನ್ನು ಬೆರಳ ಗೆಣ್ಣಿನಿಂದ ಮೆಲ್ಲನೆ ತಟ್ಟಿ, ಮುಳ್ಳು ಅತ್ತ ಸರಿಯುವುದೋ ಇತ್ತ ಸರಿಯುವುದೋ ಎಂದು ಉಸಿರು ಬಿಗಿಹಿಡಿದು ನೋಡುವ ಗೀಳು ನನಗೆ ಅಂಟಿಕೊಂಡು ಎಷ್ಟೋ ವರ್ಷಗಳಾದುವು. ಜಾತಕ ನೋಡಿಸುವವರನ್ನು ಹಾಸ್ಯಮಾಡುವ ನಾನು ಈ ಒಂದು ಮುಳ್ಳಿನ ಮುಂದೆ ಮಾತ್ರ ಪರಮ ಶ್ರದ್ಧಾಳು.

ಹೊನ್ನಾವರದ ಮನೆಯಲ್ಲಿ ಅದು 30 ಅಂಗುಲದ ಆಸುಪಾಸಿನಲ್ಲಿ ಸಂಭಾವಿತನಂತೆ ನಿಂತಿರುತ್ತಿತ್ತು. ಎಂದರೆ, ನಮ್ಮ ಮೇಲಿರುವ ವಾಯುಮಂಡಲದ ಭಾರ ಅಷ್ಟೆತ್ತರದ ಪಾದರಸದ ಕಂಬಕ್ಕೆ ಸಮ. ಮುಖದ ಮೇಲೆ ಬಿರುಗಾಳಿ, ಮಳೆ, ಪಲ್ಲಟ, ನಿರ್ಮಲ ಎಂಬರ್ಥದ ಇಂಗ್ಲಿಷ್ ಬರಹ. ಅದು ಇಂಗ್ಲೆಂಡಿನ ಆಕಾಶಕ್ಕೆ ಬರೆದ ಮಾತು. ನಮ್ಮ ಆಷಾಢದ ಜಡಿಮಳೆಗೆ ಅದರ ಪರಿವೆಯೇ ಇಲ್ಲ. ಮುಳ್ಳು ನನಗೆ ಕಲಿಸಿದ್ದು ಬೇರೆಯೇ: ಬೆಳಿಗ್ಗೆ ಹತ್ತರ ಹೊತ್ತಿಗೆ ಕೂದಲೆಳೆಯಷ್ಟು ಏರುವುದು, ಸಂಜೆ ನಾಲ್ಕಕ್ಕೆ ಇಳಿಯುವುದು, ರಾತ್ರಿ ಹತ್ತಕ್ಕೆ ಮತ್ತೆ ಏರಿ ನಸುಕಿನಲ್ಲಿ ಮತ್ತೆ ಇಳಿಯುವುದು, ಕಡಲಿಗಿರುವಂತೆ ಗಾಳಿಗೂ ಇರುವ ಈ ಭರತ-ಇಳಿತ ಇಷ್ಟು ಸ್ಫುಟವಾಗಿ ಗೋಚರಿಸುವುದು ಉಷ್ಣವಲಯದವರ ಭಾಗ್ಯ. ನಾಲ್ಕಕ್ಕೆ ಇಳಿದದ್ದು ಹತ್ತಕ್ಕೂ ಏರದ ದಿನ, ಕಡಲ ಮೇಲೆಲ್ಲೋ ಏನೋ ಹೂಡಿದೆಯೆಂದು ಶಂಕಿಸಬೇಕು.

ಬೆಂಗಳೂರಿಗೆ ಬಿಡಾರ ಬದಲಿಸಿದಾಗ ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದೆ. ಗೇರುಸೊಪ್ಪೆ ದಾಟಿ ಘಟ್ಟ ಹತ್ತುತ್ತಿದ್ದಂತೆ ಮುಳ್ಳು ಜಾರತೊಡಗಿತು. ಮಳೆಯನ್ನು ದಾಟಿತು, ಬಿರುಗಾಳಿಯನ್ನೂ ದಾಟಿತು. 3,000 ಅಡಿ ಎತ್ತರದ ಈ ಊರಿನಲ್ಲಿ 27ರ ಆಸುಪಾಸಿಗೆ, ಅಕ್ಷರಗಳೇ ಇಲ್ಲದ ಬಯಲಿಗೆ ಬಂದು ನಿಂತಿತು. ಹೊರಗೆ ಎಳೆಬಿಸಿಲು, ಹೂ ಮಾರುವವಳ ಕೂಗು. ಬೆನ್ನಿನ ತಿರುಪು ತಿರುಗಿಸಿ ಸರಿಪಡಿಸಬಹುದಿತ್ತು, ನಾನು ಮುಟ್ಟಲಿಲ್ಲ. ಏಕೆಂದರೆ 1999ರ ಅಕ್ಟೋಬರ್ 29ರಂದು ಒಡಿಶಾದ ಪಾರಾದೀಪದ ಬಳಿ ದಡ ಹಾಯ್ದ ಮಹಾಚಂಡಮಾರುತದ ಗರ್ಭದಲ್ಲಿದ್ದ ಒತ್ತಡದ ಅಂದಾಜು 912 ಮಿಲಿಬಾರ್, ಅಂಗುಲಗಳಲ್ಲಿ ಅದೇ ಸುಮಾರು 27! ಅಲ್ಲಿ ಸಾವಿರಾರು ಪ್ರಾಣಗಳನ್ನು ನುಂಗಿದ ಅಂಕೆಯನ್ನೇ ಇಲ್ಲಿ ಉಸಿರಾಡುತ್ತ ನಾವು ಬಸವನಗುಡಿಯಲ್ಲಿ ಕಡಲೆಕಾಯಿ ಮೆಲ್ಲುತ್ತೇವೆ. ಒತ್ತಡ ಕಡಿಮೆಯಿರುವುದು ದೋಷವಲ್ಲ. ಒಂದೇ ಮಟ್ಟದಲ್ಲಿ ನೆರೆಯವರಿಗೆ ಹೆಚ್ಚಿದ್ದು ತನಗೆ ಕಡಿಮೆಯಾದಾಗಲೇ ಉತ್ಪಾತ.

ಆಗ ಸುತ್ತಣ ಗಾಳಿ ಆ ಹಳ್ಳವನ್ನು ತುಂಬಲೆಂದು ಧಾವಿಸುತ್ತದೆ. ಆದರೆ ತಿರುಗುವ ಭೂಮಿ ನಮ್ಮ ಗೋಲಾರ್ಧದಲ್ಲಿ ಅದನ್ನು ಬಲಕ್ಕೆ ತಳ್ಳುವುದರಿಂದ, ತುಂಬಲಾರದೆ ಹಳ್ಳವನ್ನೇ ಅಪ್ರದಕ್ಷಿಣವಾಗಿ ಸುತ್ತತೊಡಗುತ್ತದೆ. ಮೇಲೇರಿದ ಕಡಲಿನ ಆವಿ ಮೋಡವಾಗುವಾಗ, ಸಮುದ್ರದಿಂದ ಕಡ ತಂದಿದ್ದ ಶಾಖವನ್ನು ಬಿಟ್ಟುಕೊಟ್ಟು ಗಾಳಿಯನ್ನು ಇನ್ನೂ ಹಗುರಗೊಳಿಸುತ್ತದೆ. ಹಳ್ಳ ಇನ್ನೂ ಆಳವಾಗುತ್ತದೆ. ಕಲ್ಕತ್ತದಲ್ಲಿದ್ದ ಹೆನ್ರಿ ಪಿಡಿಂಗ್‌ಟನ್ ಇದಕ್ಕೆ ಹಾವಿನ ಸುರುಳಿಯನ್ನು ನೆನಪಿಸುವ ಗ್ರೀಕ್ ಮೂಲದಿಂದ 'ಸೈಕ್ಲೋನ್' ಎಂಬ ಹೆಸರು ಕಟ್ಟಿದನು. ಕಂಡವನೇ ಇಡಬಲ್ಲ ಹೆಸರು.

ಕಾರ್ತಿಕದಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವೆಂದು ಪತ್ರಿಕೆ ಸಾರಿದ ದಿನ ನಾನು ತಾರಸಿ ಹತ್ತುತ್ತೇನೆ. ಡಚ್ ಪಂಡಿತ ಬಾಯ್ಸ್ ಬ್ಯಾಲಟ್ 1857ರಲ್ಲಿ ಹೇಳಿದಂತೆ ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕಡಿಮೆ ಒತ್ತಡ ಎಡಗಡೆಗೆ. ಈಶಾನ್ಯದ ಚಳಿಗಾಳಿ ಬೆನ್ನನ್ನು ತಡವುತ್ತಿರುತ್ತದೆ. ಎಡಗೈ ತೆಂಗಿನ ಮರದಾಚೆ, ಆಗ್ನೇಯಕ್ಕೆ, ಕೊಲ್ಲಿಯತ್ತ ಚಾಚಿರುತ್ತದೆ. ಒಣಹಾಕಿದ ಸಂಡಿಗೆ ತೆಗೆಯಲೋ ಬೇಡವೋ ಎಂದು ಪಕ್ಕದ ತಾರಸಿಯವರು ಕೇಳುತ್ತಾರೆ. ಕೈಯಿಳಿಸದೆಯೇ, ತೆಗೆಯಿರಿ ಎನ್ನುತ್ತೇನೆ.