ಹಾನ್ಲೆಯ ಕತ್ತಲಲ್ಲಿ ಕೆಂಪು ಮೋಡ

ಲಡಾಖ್‌ನ ಲೇಹ್‌ನಿಂದ ಸಿಂಧೂ ನದಿಯ ಬದಿ ಹಿಡಿದು ಹೊರಟ ಕಾರು ಚುಮಾಥಾಂಗ್, ನ್ಯೋಮಾ ದಾಟಿ ಹಾನ್ಲೆ ಮುಟ್ಟುವಾಗ ಸಂಜೆಯಾಗಿತ್ತು. ಅಕ್ಟೋಬರ್ ತಿಂಗಳ ಅಮಾವಾಸ್ಯೆಯ ಆಸುಪಾಸು. ಊರಿರುವುದು ನಾಲ್ಕು ಸಾವಿರ ಮೀಟರಿಗೂ ಎತ್ತರದಲ್ಲಿ. ಕ್ಯಾಮೆರಾ ಚೀಲ ಹೊತ್ತು ಹತ್ತು ಹೆಜ್ಜೆ ಇಟ್ಟರೆ ನಿಂತು ಉಸಿರೆಳೆದುಕೊಳ್ಳಬೇಕು. ಇಳಿದುಕೊಂಡ ಮನೆಯ ಒಡತಿ ಅಮಾ-ಲೇ ‘ಜುಲೇ’ (ನಮಸ್ಕಾರ) ಎಂದು ನಕ್ಕು ಬೆಣ್ಣೆ ಚಹಾ ಕೊಟ್ಟರು. ಆಮೇಲೆ ಕಿಟಕಿಯ ದಪ್ಪ ಪರದೆಯನ್ನು ಬಿಗಿಯಾಗಿ ಎಳೆದರು. ಚಳಿಗೆ ಇರಬೇಕು ಅಂದುಕೊಂಡೆ. ಚಳಿಗಲ್ಲ, ಒಳಗಿನ ದೀಪದ ಬೆಳಕು ಹೊರಗೆ ಸೋರಬಾರದೆಂದು.

2022ರ ಡಿಸೆಂಬರ್‌ನಲ್ಲಿ ಇಲ್ಲಿನ 1,073 ಚದರ ಕಿಲೋಮೀಟರ್ ಪ್ರದೇಶವನ್ನು ಕತ್ತಲ ಆಕಾಶದ ಮೀಸಲು ಎಂದು ಘೋಷಿಸಲಾಯಿತು. ಹುಲಿಗೆ ಕಾಡು ಮೀಸಲಿಟ್ಟ ಹಾಗೆ ನಕ್ಷತ್ರಗಳಿಗೆ ಕತ್ತಲು ಮೀಸಲು. ಎದುರಿನ ಗುಡ್ಡದ ಮೇಲೆ, 4,500 ಮೀಟರ್ ಎತ್ತರದಲ್ಲಿ, ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕದ ಗುಮ್ಮಟ ಕಾಣುತ್ತಿತ್ತು. ಅದನ್ನು ನಡೆಸುವವರು ನಮ್ಮ ಹೊಸಕೋಟೆಯಲ್ಲಿ ಕೂತಿರುತ್ತಾರೆ, ಉಪಗ್ರಹದ ಸಂಪರ್ಕದ ಮೂಲಕ. ನನ್ನ ಬಳಿ ಇದ್ದದ್ದು ಹಕ್ಕಿಗಳ ಚಿತ್ರ ತೆಗೆಯುವ 200 ಮಿಲಿಮೀಟರಿನ ಟೆಲಿಫೋಟೋ ಲೆನ್ಸ್, ಟ್ರೈಪಾಡ್, ಭೂಮಿಯ ತಿರುಗುವಿಕೆಗೆ ಎದುರಾಗಿ ಕ್ಯಾಮೆರಾವನ್ನು ಮೆಲ್ಲನೆ ತಿರುಗಿಸುವ ಪುಟ್ಟ ಟ್ರ್ಯಾಕರ್. ಅಷ್ಟೇ.

ನಾನು ಬಂದದ್ದು ನೀಹಾರಿಕೆಯ, ಅಂದರೆ ನಕ್ಷತ್ರಗಳ ನಡುವಿನ ಅನಿಲದ ಮೋಡದ, ಚಿತ್ರ ತೆಗೆಯಲು. ಅದಕ್ಕೆ ಅಷ್ಟು ಸಾಕು ಎಂಬುದನ್ನು ಬಹಳ ಜನ ನಂಬುವುದಿಲ್ಲ. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನೀಹಾರಿಕೆ ಆಕಾಶದಲ್ಲಿ ಹುಣ್ಣಿಮೆ ಚಂದ್ರನ ಎರಡರಷ್ಟು ಅಗಲವಿದೆ. ಅದು ನಮ್ಮ ಕಣ್ಣು ತಪ್ಪಿಸಿಕೊಂಡಿರುವುದು ಸಣ್ಣದೆಂದಲ್ಲ, ಮಂದವೆಂದು. ಅದನ್ನು ದೊಡ್ಡದು ಮಾಡಿ ನೋಡುವುದಕ್ಕಿಂತ ಅದರ ಬೆಳಕನ್ನು ಹನಿಹನಿಯಾಗಿ ಕೂಡಿಡಬೇಕು.

ರಾತ್ರಿ ಎಂಟಕ್ಕೆ ಅಂಗಳಕ್ಕೆ ಬಂದೆ. ಆಕಾಶಗಂಗೆ ಗುಡ್ಡದಿಂದ ಗುಡ್ಡಕ್ಕೆ ಕಮಾನು ಕಟ್ಟಿತ್ತು. ಮೊದಲ ಕೆಲಸ ಟ್ರ್ಯಾಕರಿನ ಅಕ್ಷವನ್ನು ಧ್ರುವದ ಕಡೆ ನಿಲ್ಲಿಸುವುದು. ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ 13 ಡಿಗ್ರಿಯಷ್ಟೇ ಮೇಲಿದ್ದು, ನಮ್ಮ ಬೀದಿಯಲ್ಲಿ ಎದುರುಮನೆಯ ನೀರಿನ ಟ್ಯಾಂಕಿನ ಹಿಂದೆ ಮರೆಯಾಗಿರುತ್ತದೆ. ಇಲ್ಲಿ 33 ಡಿಗ್ರಿಯ ಹತ್ತಿರ, ತಲೆಯೆತ್ತಿ ನೋಡುವಂತೆ ನಿಂತಿತ್ತು. ಎರಡನೆಯದು ಫೋಕಸ್. ಲೆನ್ಸಿನ ಮೇಲಿನ ಅನಂತದ ಗುರುತನ್ನು ನಂಬಿ ಮೊದಲು ತೆಗೆದ ಮೂವತ್ತು ಚಿತ್ರಗಳಲ್ಲಿ ನಕ್ಷತ್ರಗಳೆಲ್ಲ ಊದಿಕೊಂಡಿದ್ದವು. ಟೆಲಿಫೋಟೋ ಲೆನ್ಸಿನ ಉಂಗುರ ಆ ಗುರುತನ್ನೂ ದಾಟಿ ತಿರುಗುತ್ತದೆ. ಪ್ರಕಾಶಮಾನ ನಕ್ಷತ್ರವೊಂದನ್ನು ತೆರೆಯ ಮೇಲೆ ಹತ್ತು ಪಟ್ಟು ಹಿಗ್ಗಿಸಿ, ಅದು ಸೂಜಿಮೊನೆಯಾಗುವವರೆಗೆ ಕೂದಲೆಳೆಯಷ್ಟೇ ಹಿಂದೆ ಮುಂದೆ ಆಡಿಸಿ, ಉಂಗುರಕ್ಕೆ ಟೇಪು ಸುತ್ತಿದೆ.

ಹತ್ತೂವರೆ ದಾಟಿದ ಮೇಲೆ ಪೂರ್ವದ ಗುಡ್ಡದ ಅಂಚಿನಲ್ಲಿ ಮಹಾವ್ಯಾಧನ ನಡುಪಟ್ಟಿ ಎದ್ದಿತು. ಮೂರು ಚುಕ್ಕಿಗಳು ಒಂದರ ಮೇಲೊಂದು ಏಣಿ ಹತ್ತುವಂತೆ. ನಮ್ಮ ರೈತರು ಮಳೆಗೆ ಹೆಸರಿಟ್ಟ ಮೃಗಶಿರ, ಆರಿದ್ರಾ ಎರಡೂ ಅದೇ ಬಳಗದವು. ನಡುಪಟ್ಟಿಯ ಪಕ್ಕದಲ್ಲಿ ಅವನ ಕತ್ತಿಯಂತೆ ಕಾಣುವ ಚುಕ್ಕಿಗಳ ನಡುವೆ ಬರಿಗಣ್ಣಿಗೇ ಬೂದಿ ಬಣ್ಣದ ಮಸುಕೊಂದು ಕಂಡಿತು. ಅಷ್ಟು ಮಂದ ಬೆಳಕಿನಲ್ಲಿ ಕಣ್ಣಿಗೆ ಬಣ್ಣ ತಿಳಿಯದು.

ಅದು ಮೇಲೇರಲೆಂದು ಒಂದು ಗಂಟೆಯವರೆಗೆ ಕಾದೆ. ಬ್ಯಾಟರಿಗಳು ಚಳಿಗೆ ಸತ್ತುಹೋಗದಂತೆ ಅಂಗಿಯೊಳಗಿನ ಜೇಬಿನಲ್ಲಿದ್ದವು. ಬಳಿಕ ಶಟರ್ ಒತ್ತಿದೆ. ಒಂದು ನಿಮಿಷ. ತೆರೆಯ ಮೇಲೆ ಚಿತ್ರ ಮೂಡಿದಾಗ ನಾನು ಗಟ್ಟಿಯಾಗಿ ಕೂಗಿಬಿಟ್ಟೆ. ಬೂದಿ ಮಸುಕಿದ್ದ ಜಾಗದಲ್ಲಿ ರೆಕ್ಕೆ ಬಿಚ್ಚಿದ ಗುಲಾಬಿ ಕೆಂಪು ಮೋಡ! ಅದರ ಒಡಲಿನಲ್ಲಿರುವ ಎಳೆಯ ನಕ್ಷತ್ರಗಳ ಅತಿನೇರಳೆ ಕಿರಣ ತಾಗಿ ಜಲಜನಕ ಕೆಂಪಾಗಿ ಉರಿಯುತ್ತಿದೆ. ಆ ಬೆಳಕು ಹೊರಟದ್ದು ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದ ಕಾಲದಲ್ಲಿ, ಸುಮಾರು 1,300 ವರ್ಷಗಳ ಹಿಂದೆ.

ಈ ಮೋಡವನ್ನು ಮೊದಲು ಚಿತ್ರದಲ್ಲಿ ಹಿಡಿದವನು ಅಮೆರಿಕದ ಹೆನ್ರಿ ಡ್ರೇಪರ್, 1880ರ ಸೆಪ್ಟೆಂಬರ್ 30ರಂದು, ಐವತ್ತು ನಿಮಿಷ ಛಾಯಾಚಿತ್ರ ಫಲಕ ತೆರೆದಿಟ್ಟು. ನಾನು ಒಂದೊಂದು ನಿಮಿಷದಂತೆ 120 ಚಿತ್ರ ತೆಗೆದೆ. ಕೊನೆಗೆ ಲೆನ್ಸಿಗೆ ಮುಚ್ಚಳ ಹಾಕಿ ಇಪ್ಪತ್ತು ಕಪ್ಪು ಚಿತ್ರ, ಕ್ಯಾಮೆರಾದ ಸ್ವಂತ ಕಲೆಗಳನ್ನು ಆಮೇಲೆ ಕಳೆಯಲಿಕ್ಕೆ. ಒಳಗೆ ಬಂದಾಗ ನಾಲ್ಕಾಗಿತ್ತು, ಕೋಣೆ ಬೆಚ್ಚಗಿಡುವ ಬುಖಾರಿ ಒಲೆ ಆರಿತ್ತು.

ಊರಿಗೆ ಮರಳಿ 120 ಚಿತ್ರಗಳನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದೆ. ಹಾಗೆ ಕೂಡಿಸಿದಾಗ ಚಿತ್ರದ ಕಾಳುಕಾಳು ಗದ್ದಲ ಸುಮಾರು ಹನ್ನೊಂದು ಪಟ್ಟು ಇಳಿಯುತ್ತದೆ; ಅದರಡಿ ಹೂತಿದ್ದದ್ದು ಮೇಲೆ ಬರುತ್ತದೆ. ನಡುಪಟ್ಟಿಯ ಕೆಳತುದಿಯ ನಕ್ಷತ್ರದ ಬಳಿ ಕೆಂಪು ಹೊಗೆಯ ಪರದೆ, ಅದರ ಮೇಲೆ ಎಳ್ಳಿನಷ್ಟು ಕರಿ ಕಲೆ. ಹಿಗ್ಗಿಸಿದರೆ ಕುದುರೆಯ ತಲೆ! 1888ರಲ್ಲಿ ಹಾರ್ವರ್ಡ್‌ನ ಫಲಕವೊಂದರಲ್ಲಿ ವಿಲಿಯಮಿನಾ ಫ್ಲೆಮಿಂಗ್ ಗುರುತಿಸಿದ ಅದೇ ಅಶ್ವಮುಖ ನೀಹಾರಿಕೆ. ಮಾಮೂಲಿ ಕ್ಯಾಮೆರಾದ ಸೆನ್ಸರಿನ ಮುಂದಿರುವ ಶೋಧಕ ಜಲಜನಕದ ಈ ಗಾಢ ಕೆಂಪನ್ನು ಬಹುಪಾಲು ತಡೆದುಬಿಡುತ್ತದೆ. ಆದರೂ ಕಂಡಿತೆಂದರೆ ಆ ಹೆಗ್ಗಳಿಕೆ ಹಾನ್ಲೆಯ ಕತ್ತಲಿನದು. ಇದೇ ಕ್ಯಾಮೆರಾ, ಇದೇ ಲೆನ್ಸಿನಲ್ಲಿ ನಮ್ಮ ಮಹಡಿಯಿಂದ ಒಂದು ನಿಮಿಷ ತೆರೆದರೆ ಬರೀ ಬೀದಿದೀಪದ ಹಳದಿ ಮಂಜು.

ಹಾನ್ಲೆಗೆ ಹೋಗಲಾಗದಿದ್ದರೆ ಚಿಂತೆಯಿಲ್ಲ. ಡಿಸೆಂಬರ್ ಕೊನೆಗೆ ರಾತ್ರಿ ಹನ್ನೊಂದರ ಸುಮಾರಿಗೆ ಮಹಾವ್ಯಾಧ ನಮ್ಮ ನಾಡಿನಲ್ಲಿ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತಾನೆ. ಅಮಾವಾಸ್ಯೆಯ ಹತ್ತಿರದ ಒಂದು ರಾತ್ರಿ ಪೇಟೆಯಿಂದ ದೂರದ ನಿಮ್ಮ ಊರಿಗೆ ಹೋಗಿ. ಟ್ರ್ಯಾಕರ್ ಬೇಡ, ಟ್ರೈಪಾಡಿನ ಮೇಲೆ ಒಂದೊಂದು ಸೆಕೆಂಡಿನ ಐನೂರು ಚಿತ್ರ ತೆಗೆದು ಕೂಡಿಸಿ. ಕೆಂಪು ಮೋಡ ಬಂದೇ ಬರುತ್ತದೆ. ಕ್ಯಾಮೆರಾ ಅಣಿಮಾಡುವ ಮುನ್ನ ಅಂಗಳದ ದೀಪ ಆರಿಸಿ. ಪಕ್ಕದ ಮನೆಯವರಿಗೂ ಹೇಳಿ, ಅವರನ್ನೂ ಹೊರಗೆ ಕರೆಯಿರಿ.